ಮೆಟ್ಟಿಲು ಇಳಿಯುವಾಗ ಮಾತ್ರ ಎತ್ತಿಕೊಳ್ಳಿ

ಹುಬ್ಬಳ್ಳಿಯಲ್ಲಿ ನಮ್ಮ ಅಕ್ಕನ ಮನೆ ಇರೋದು ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಅವಳ ಮಗನಿಗೆ ಈಗ ಆರು ವರ್ಷ. ಒಂದು ವರ್ಷದಿಂದ ಆ ಮನೆಯಲ್ಲಿ ವಿಚಿತ್ರವಾದ ನಿಯಮವೊಂದು ಜಾರಿಯಲ್ಲಿದೆ. ಮೆಟ್ಟಿಲು ಹತ್ತುವಾಗ ಅವನು ಕಂಬಿ ಹಿಡಿದು ನಿಧಾನಕ್ಕೆ ತಾನೇ ಹತ್ತಬಹುದು. ಇಳಿಯುವಾಗ ಮಾತ್ರ ಯಾರಾದರೂ ಎತ್ತಿಕೊಂಡೇ ಇಳಿಸಬೇಕು.

"ಉಲ್ಟಾ ಆಯ್ತಲ್ಲ ತಂಗಿ, ಹತ್ತೋದು ಕಷ್ಟ, ಇಳಿಯೋದು ಸಲೀಸು" ಅಂತ ಕೆಳಗಿನ ಮನೆಯ ಅಜ್ಜಿ ಸಿಕ್ಕಾಗಲೆಲ್ಲ ಹೇಳ್ತಾರೆ. ಮೊದಲು ನನಗೂ ಹಾಗೇ ಅನ್ನಿಸಿತ್ತು. ಫಿಸಿಯೋಥೆರಪಿಸ್ಟ್ ಹಾಕಿಕೊಟ್ಟ ನಿಯಮ ಅದು. ಕಾರಣ ಕೇಳಿದ್ದಕ್ಕೆ "ಸ್ನಾಯುವಿನ ಪೊರೆಗೆ ಏಟಾಗುತ್ತೆ" ಅಂದರು, ಮುಂದಿನ ಪೇಶೆಂಟನ್ನು ಕರೆದರು. ಯಾವ ಪೊರೆ? ಏಟು ಯಾಕೆ? ಅದೂ ಇಳಿಯುವಾಗಲೇ ಯಾಕೆ? ನಾನು ಓದಿದ್ದು ಇಂಜಿನಿಯರಿಂಗ್. ಪಿಯುಸಿ ಮುಗಿದ ಮೇಲೆ ಬಯಾಲಜಿ ಪುಸ್ತಕ ಮುಟ್ಟಿದವಳಲ್ಲ. ಆದರೆ ಎಲ್ಲೋ ಒಂದು ಬಗ್ ಕಂಡರೆ ಅದರ ಬುಡ ಸಿಗುವವರೆಗೆ ಸಮಾಧಾನ ಇಲ್ಲದ ಜಾತಿ ನಮ್ಮದು. ಬೆಂಗಳೂರಿನ ಟ್ರಾಫಿಕ್‌ನಲ್ಲಿ, ಆಫೀಸ್ ಕ್ಯಾಬಿನ ಹಿಂದಿನ ಸೀಟಿನಲ್ಲಿ ಕೂತು ಓದುತ್ತಾ ಹೋದೆ. ಹಾಗೆ ಓದಿ ನನಗೆ ಅರ್ಥವಾದದ್ದು ಇಲ್ಲಿದೆ. ನಾನು ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡ್ತೀನಿ.

ಹುಡುಗ ನಡೆಯಲು ಶುರು ಮಾಡಿದ್ದೇ ತಡ, ಒಂದೂವರೆ ವರ್ಷ ದಾಟಿದ ಮೇಲೆ. ನೆಲದಿಂದ ಏಳುವಾಗ ಮೊದಲು ನಾಲ್ಕು ಕಾಲಿನ ಮೇಲೆ ನಿಂತು, ಆಮೇಲೆ ಮೊಣಕಾಲಿನ ಮೇಲೆ ಕೈ, ಆಮೇಲೆ ತೊಡೆಯ ಮೇಲೆ ಕೈ, ಹೀಗೆ ತನ್ನ ಮೈಯನ್ನೇ ತಾನು ಏಣಿ ಮಾಡಿಕೊಂಡು ಹತ್ತಿದ ಹಾಗೆ ಏಳುತ್ತಿದ್ದ. ತಾತ ಏಳೋದನ್ನ ನೋಡಿ ಅಣಕಿಸ್ತಾನೆ ಅಂತ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಅದರ ವಿಡಿಯೋ ಇನ್ನೂ ನನ್ನ ಫೋನ್‌ನಲ್ಲಿದೆ. ಹೀಗೆ ಏಳುವುದಕ್ಕೆ 'ಗವರ್ಸ್ ಚಿಹ್ನೆ' ಅಂತ ಹೆಸರಿದೆ, ಲಂಡನ್ನಿನ ವೈದ್ಯ ವಿಲಿಯಂ ಗವರ್ಸ್ 1879ರಲ್ಲೇ ಅದನ್ನು ವಿವರಿಸಿದ್ದರು ಅಂತ ನಮಗೆ ಹೇಗೆ ಗೊತ್ತಾಗಬೇಕು?

ನಾಲ್ಕು ವರ್ಷದವನಿದ್ದಾಗ ಜ್ವರ ಬಂದು ರಕ್ತ ಪರೀಕ್ಷೆ ಮಾಡಿಸಿದಾಗ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಸಿಕ್ಕಾಪಟ್ಟೆ ಏರಿದ್ದವು. ಲಿವರ್ ತೊಂದರೆ ಅಂದರು. ಐದು ತಿಂಗಳು ಲಿವರ್ ಸಿರಪ್, ಎಣ್ಣೆ ಬೇಡ, ಕರಿದದ್ದು ಬೇಡ. ನಂಬರ್ ಇಳಿಯಲೇ ಇಲ್ಲ. ಕೊನೆಗೆ ಬೇರೊಬ್ಬ ಡಾಕ್ಟರು ಅವನ ಪ್ಯಾಂಟ್ ಮೇಲೆತ್ತಿ ಮೀನಖಂಡ ಮುಟ್ಟಿ ನೋಡಿದರು. ಆ ವಯಸ್ಸಿಗೆ ಮೀರಿದ ದಪ್ಪ, ರಬ್ಬರಿನಂಥ ಗಟ್ಟಿ. "ಸಿಪಿಕೆ ಮಾಡಿಸಿ" ಅಂದರು. ಆ ಕಿಣ್ವ ಸುಮಾರು 200ರೊಳಗೆ ಇರಬೇಕು. ಅವನದು 16 ಸಾವಿರ.

ಇಲ್ಲೊಂದು ವಿಷಯ ನೆನಪಿಡಿ. ಲಿವರ್ ಪರೀಕ್ಷೆಯ ಆ ಎರಡು ಕಿಣ್ವಗಳು ಸ್ನಾಯುವಿನಲ್ಲೂ ಇರುತ್ತವೆ. ಮಗು ತಡವಾಗಿ ನಡೆದಿದ್ದರೆ, ಪದೇ ಪದೇ ಬೀಳುತ್ತಿದ್ದರೆ, ತುದಿಗಾಲಿನಲ್ಲಿ ನಡೆಯುತ್ತಿದ್ದರೆ, ಜೊತೆಗೆ ಈ ನಂಬರ್‌ಗಳೂ ಏರಿದ್ದರೆ, ಲಿವರ್ ಅಂತ ತೀರ್ಮಾನಿಸುವ ಮೊದಲು ಸಿಪಿಕೆ ಕೇಳಿ. ಸಾಮಾನ್ಯ ರಕ್ತ ಪರೀಕ್ಷೆ ಅಷ್ಟೇ. ನಮಗೆ ಐದು ತಿಂಗಳು ಹೋಯಿತು.

ಸಿಪಿಕೆ ಇರಬೇಕಾದದ್ದು ಸ್ನಾಯುಕೋಶದ ಒಳಗೆ. ಅದು ರಕ್ತದಲ್ಲಿ ಅಷ್ಟೊಂದು ಸಿಗುತ್ತಿದೆ ಅಂದರೆ ಕೋಶದ ಗೋಡೆ ಸೋರುತ್ತಿದೆ ಅಂತ ಅರ್ಥ. ಅಂದರೆ ಇಂಜಿನ್ ಹಾಳಾಗಿರಲಿಲ್ಲ, ಟ್ಯಾಂಕ್ ತೂತಾಗಿತ್ತು. ನನ್ನ ಓದು ಶುರುವಾದದ್ದು ಇಲ್ಲಿಂದ.

ಸ್ನಾಯು ಅಂದ ಕೂಡಲೇ ನಮಗೆ ನೆನಪಾಗೋದು ಎಳೆಯುವ ಯಂತ್ರ. ಆಕ್ಟಿನ್, ಮಯೋಸಿನ್ ಎಂಬ ಎರಡು ಪ್ರೋಟೀನ್‌ಗಳು ಒಂದರ ಮೇಲೊಂದು ಜಾರಿ ಸ್ನಾಯು ಸಂಕುಚಿಸುತ್ತದೆ ಅಂತ ಹೈಸ್ಕೂಲಿನಲ್ಲಿ ಓದಿದ್ದೀವಿ. ಈ ಯಂತ್ರದ ಒಂದೊಂದು ಘಟಕದ ಉದ್ದ ಒಂದು ಮಿಲಿಮೀಟರಿನ ಸುಮಾರು 500ರಲ್ಲಿ ಒಂದು ಭಾಗ. ಇಂಥ ಘಟಕಗಳು ರೈಲು ಬೋಗಿಗಳ ಹಾಗೆ ಸಾಲಾಗಿ ಜೋಡಿಸಿಕೊಂಡು, ಒಂದು ಸೆಂಟಿಮೀಟರಿಗೆ ನಾಲ್ಕೈದು ಸಾವಿರ ಬೋಗಿಗಳು. ಬೋಗಿ ಬೋಗಿಯ ನಡುವಿನ ಕೊಂಡಿಗೆ 'ಝಡ್ ಡಿಸ್ಕ್' ಅಂತ ಹೆಸರು. ಇಂಥ ನೂರಾರು ರೈಲುಗಳು ಪಕ್ಕಪಕ್ಕ ಸೇರಿದರೆ ಒಂದು ಸ್ನಾಯುತಂತು, ತಲೆಗೂದಲಿನಷ್ಟು ದಪ್ಪ. ಅದರ ಸುತ್ತ ಒಂದು ಪೊರೆ. ಆ ಪೊರೆ ಮೂಲತಃ ಎರಡು ಪದರದ ಕೊಬ್ಬಿನ ಹಾಳೆ, ಸೋಪಿನ ಗುಳ್ಳೆಯ ಹಾಗೆ, ದಪ್ಪ ಎಷ್ಟು ಅಂದರೆ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆ.

ಈಗ ಯೋಚಿಸಿ. ಒಳಗೆ ಅಷ್ಟೊಂದು ರೈಲುಗಳು ಒಟ್ಟಿಗೆ ಎಳೆಯುತ್ತವೆ, ಸಡಿಲ ಬಿಡುತ್ತವೆ, ದಿನಕ್ಕೆ ಸಾವಿರಾರು ಸಲ. ಮೇಲೆ ಸೋಪಿನ ಗುಳ್ಳೆ. ಅದು ಹರಿಯಲ್ವಾ?

ನನಗೆ ಉತ್ತರ ಹೊಳೆದದ್ದು ನಮ್ಮ ಅಜ್ಜಿಯ ಕೌದಿಯಿಂದ. ನಮ್ಮ ಕಡೆ ಮನೆಮನೆಯಲ್ಲೂ ಕೌದಿ ಇರುತ್ತೆ. ಹಳೇ ಸೀರೆ, ಸವೆದ ಧೋತರ ಪದರ ಪದರವಾಗಿ ಹಾಸಿ, ಬೆರಳಗಲದ ಅಂತರದಲ್ಲಿ ಸಾಲು ಸಾಲಾಗಿ ದಾರ ಹಾಕುತ್ತಾರೆ. ಒಂದೊಂದು ಬಟ್ಟೆಯೂ ಕೈಯಲ್ಲಿ ಎಳೆದರೆ ಪರ್ ಅಂತ ಹರಿಯುವಷ್ಟು ಜೀರ್ಣ. ಆದರೆ ಹೊಲಿದ ಮೇಲೆ ಇಪ್ಪತ್ತು ವರ್ಷ ಬಾಳುತ್ತೆ. ಯಾಕಂದರೆ ಎಳೆತ ಎಲ್ಲೇ ಬೀಳಲಿ, ಹೊಲಿಗೆ ಅದನ್ನು ಎಲ್ಲ ಪದರಕ್ಕೂ ಹಂಚುತ್ತದೆ.

ಸ್ನಾಯುತಂತುವಿನಲ್ಲೂ ಇದೇ ಹೊಲಿಗೆ ಇದೆ. 1983ರಲ್ಲಿ ಪಾರ್ಡೊ, ಸಿಲಿಸಿಯಾನೊ, ಕ್ರೇಗ್ ಎಂಬ ಮೂವರು ಅಮೆರಿಕದ ಸಂಶೋಧಕರು ವಿಂಕ್ಯುಲಿನ್ ಎಂಬ ಪ್ರೋಟೀನಿಗೆ ಹೊಳೆಯುವ ಗುರುತು ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದು ಪೊರೆಯ ಒಳಮೈಯಲ್ಲಿ ಎಲ್ಲೆಂದರಲ್ಲಿ ಹರಡಿರಲಿಲ್ಲ. ಪಕ್ಕೆಲುಬಿನ ಹಾಗೆ ಅಡ್ಡಡ್ಡ ಪಟ್ಟೆಗಳಲ್ಲಿ ಕೂತಿತ್ತು, ಅದೂ ಒಳಗಿನ ಝಡ್ ಡಿಸ್ಕ್‌ಗಳಿಗೆ ಸರಿಯಾಗಿ ಎದುರು. ಲ್ಯಾಟಿನ್‌ನಲ್ಲಿ ಪಕ್ಕೆಲುಬಿಗೆ 'ಕೋಸ್ಟಾ', ಗ್ರೀಕ್‌ನಲ್ಲಿ ಭಾಗಕ್ಕೆ 'ಮೆರೋಸ್'. ಎರಡನ್ನೂ ಸೇರಿಸಿ ಆ ಪಟ್ಟೆಗಳಿಗೆ 'ಕೋಸ್ಟಮಿಯರ್' ಅಂತ ಹೆಸರಿಟ್ಟರು. ಸ್ನಾಯು ಕುಗ್ಗಿದಾಗ ಈ ಪಟ್ಟೆಗಳ ಜಾಗದಲ್ಲಿ ಪೊರೆ ಒಳಕ್ಕೆ ಬಿಗಿದುಕೊಂಡು, ನಡುನಡುವೆ ಉಬ್ಬಿ ನಿಲ್ಲುತ್ತದೆ. ಕೌದಿಯ ಮೇಲೆ ಕೈ ಆಡಿಸಿದ್ದರೆ ಈ ಉಬ್ಬು ತಗ್ಗು ನಿಮಗೆ ಗೊತ್ತು.

ಅದೇ ವರ್ಷ ಸಿಬಿಲ್ ಸ್ಟ್ರೀಟ್ ಎಂಬ ವಿಜ್ಞಾನಿ ಕಪ್ಪೆಯ ಸ್ನಾಯುಗಳ ಮೇಲೆ ಪ್ರಯೋಗ ಮಾಡಿ ಇನ್ನೊಂದು ಸಂಗತಿ ತೋರಿಸಿದರು. ಸ್ನಾಯುವಿನ ಬಲ ಉದ್ದಕ್ಕೆ, ತುದಿಯ ಕಡೆಗೆ ಮಾತ್ರ ಹೋಗಲ್ಲ. ಅಡ್ಡಕ್ಕೂ, ಪೊರೆಯನ್ನು ದಾಟಿ ಪಕ್ಕದ ತಂತುಗಳಿಗೂ ಹಂಚಿಹೋಗುತ್ತದೆ. ನನಗೆ ಇದು ದೊಡ್ಡ ವಿಷಯ ಅನ್ನಿಸಿತು. ನಾವು ಪೊರೆಯನ್ನು ಪ್ಯಾಕಿಂಗ್ ಕವರ್ ಅಂದುಕೊಳ್ತೀವಿ. ಅದು ಭಾರ ಹೊರುವ ಭಾಗ.

ಈ ಹೊಲಿಗೆಯ ಮುಖ್ಯ ದಾರವೇ ಡಿಸ್ಟ್ರೋಫಿನ್. ಉದ್ದನೆಯ ಪ್ರೋಟೀನ್, 3,685 ಅಮೈನೋ ಆಮ್ಲಗಳ ಸರ. ಅದರ ಒಂದು ತುದಿ ಕೋಶದ ಒಳಗಿನ ಆಕ್ಟಿನ್ ಎಳೆಗಳನ್ನು ಹಿಡಿಯುತ್ತದೆ. ಮಧ್ಯದಲ್ಲಿ ಒಂದೇ ಮಾದರಿಯ 24 ಗಂಟುಗಳು ಸಾಲಾಗಿ ಬರುತ್ತವೆ. ಇನ್ನೊಂದು ತುದಿಯ ಹತ್ತಿರ ಬೀಟಾ ಡಿಸ್ಟ್ರೋಗ್ಲೈಕಾನ್ ಎಂಬ ಪ್ರೋಟೀನ್ ಕೈಗೆ ಸಿಗುತ್ತದೆ. ಅದು ಪೊರೆಯನ್ನು ತೂರಿ ಹೊರಗೆ ಬಂದು ಆಲ್ಫಾ ಡಿಸ್ಟ್ರೋಗ್ಲೈಕಾನ್‌ನ ಕೈ ಹಿಡಿಯುತ್ತದೆ. ಆಲ್ಫಾ ತನ್ನ ಮೈತುಂಬ ಇರುವ ಸಕ್ಕರೆ ಸರಪಳಿಗಳಿಂದ ಹೊರಗಿನ ಲ್ಯಾಮಿನಿನ್ ಜಾಲವನ್ನು ಕಚ್ಚಿಕೊಳ್ಳುತ್ತದೆ. ಒಳಗಿನ ಯಂತ್ರದಿಂದ ಹೊರಗಿನ ಹಂದರದವರೆಗೆ ಕೈ ಕೈ ಹಿಡಿದ ಸಾಲು ಇದು. ಪಕ್ಕದಲ್ಲಿ ಆಸರೆಗೆ ನಾಲ್ಕು ಸಾರ್ಕೋಗ್ಲೈಕಾನ್‌ಗಳು, ಇನ್ನೂ ಕೆಲವು ಪ್ರೋಟೀನ್‌ಗಳು. 1990ರ ಆಸುಪಾಸಿನಲ್ಲಿ ಅಯೋವಾದ ಕೆವಿನ್ ಕ್ಯಾಂಪ್‌ಬೆಲ್ ಅವರ ತಂಡ ಈ ಇಡೀ ಗುಂಪನ್ನು ಒಟ್ಟಿಗೆ ಬೇರ್ಪಡಿಸಿ ತೋರಿಸಿತು.

ಈ ಸಾಲಿನಲ್ಲಿ ಯಾರ ಕೈ ಬಿಟ್ಟುಹೋದರೂ ಕಾಯಿಲೆಯೇ. ಸಾರ್ಕೋಗ್ಲೈಕಾನ್ ಕೆಟ್ಟರೆ ಭುಜ ಮತ್ತು ಸೊಂಟದ ಸುತ್ತಲಿನ ಸ್ನಾಯುಗಳು ಸೋಲುವ ಬಗೆ, ಲ್ಯಾಮಿನಿನ್ ಕೆಟ್ಟರೆ ಹುಟ್ಟಿನಿಂದಲೇ ಕಾಡುವ ಬಗೆ. ಡಿಸ್ಟ್ರೋಫಿನ್ ಪೂರ್ತಿ ಇಲ್ಲದಿದ್ದರೆ ಡುಷೆನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಡಿಸ್ಟ್ರೋಫಿನ್ ಇಲ್ಲದಾಗ ಉಳಿದ ಸಂಗಾತಿಗಳೂ ಪೊರೆಯಲ್ಲಿ ನಿಲ್ಲದೆ ಬಹುಮಟ್ಟಿಗೆ ಮಾಯವಾಗುತ್ತವೆ. ವಿಂಕ್ಯುಲಿನ್, ಇಂಟೆಗ್ರಿನ್‌ಗಳ ಇನ್ನೊಂದು ಹೊಲಿಗೆ ಪಕ್ಕದಲ್ಲೇ ಇರುತ್ತದೆ, ಆದರೆ ಅದೊಂದೇ ಸಾಲದು.

ಅಂದಹಾಗೆ, ಸ್ನಾಯುವಿನ ಒಟ್ಟು ಪ್ರೋಟೀನಿನಲ್ಲಿ ಡಿಸ್ಟ್ರೋಫಿನ್ ಪಾಲು ಸುಮಾರು ಶೇಕಡಾ 0.002 ಮಾತ್ರ. ಕೌದಿಯ ತೂಕದಲ್ಲಿ ದಾರದ ತೂಕ ಎಷ್ಟಿರುತ್ತೆ ಹೇಳಿ.

ಈಗ ಮೆಟ್ಟಿಲಿಗೆ ಬರೋಣ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಬ್ರೇಕ್ ಆಗುತ್ತದೆ: ಒಳಗೆ ಎಳೆಯುತ್ತಲೇ ಇರುತ್ತದೆ, ಆದರೆ ದೇಹದ ಭಾರ ಅದನ್ನು ಹಿಗ್ಗಿಸುತ್ತಿರುತ್ತದೆ. ಹಗ್ಗಜಗ್ಗಾಟದಲ್ಲಿ ಸೋಲುತ್ತಿರುವ ತಂಡದ ಕೈಯಲ್ಲಿ ಹಗ್ಗ ಉಜ್ಜುತ್ತದಲ್ಲ, ಹಾಗೆ. ಉಸಿರು ಕಡಿಮೆ ಖರ್ಚಾಗುತ್ತೆ, ಅದಕ್ಕೇ ನಮಗೆ ಸಲೀಸು ಅನ್ನಿಸುತ್ತೆ. ಪೊರೆಯ ಮೇಲಿನ ಎಳೆತ ಮಾತ್ರ ಜಾಸ್ತಿ. ಡಿಸ್ಟ್ರೋಫಿನ್ ಇಲ್ಲದ ಇಲಿಗಳ ಸ್ನಾಯುಗಳನ್ನು ಬಣ್ಣದ ದ್ರವದಲ್ಲಿಟ್ಟು 1993ರಲ್ಲಿ ಬೇಸಿಲ್ ಪೆಟ್ರೋಫ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಹಿಗ್ಗುತ್ತಾ ಕೆಲಸ ಮಾಡಿದ ಸ್ನಾಯುವಿನಲ್ಲಿ ಹೆಚ್ಚು ತಂತುಗಳ ಒಳಗೆ ಬಣ್ಣ ನುಗ್ಗಿತ್ತು. ಪೊರೆ ಹರಿದಿತ್ತು ಅಂತ.

ಹರಿದ ಕಡೆಯಿಂದ ಸಿಪಿಕೆ ಹೊರಗೆ ಸೋರುತ್ತದೆ, ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ತಂತು ಸಾಯುತ್ತದೆ. ದೇಹ ಹೊಸ ತಂತು ಕಟ್ಟುತ್ತದೆ. ಅದರಲ್ಲೂ ಡಿಸ್ಟ್ರೋಫಿನ್ ಇಲ್ಲ, ಅದೂ ಹರಿಯುತ್ತದೆ. ಕೆಲವು ವರ್ಷಗಳಲ್ಲಿ ರಿಪೇರಿ ಸೋತು ಆ ಜಾಗದಲ್ಲಿ ಕೊಬ್ಬು, ಗಾಯದ ನಾರು ತುಂಬುತ್ತದೆ. ನಾವು "ಎಂಥ ಗಟ್ಟಿ ಕಾಲು, ಪೈಲ್ವಾನ್ ಆಗ್ತಾನೆ" ಅಂತ ಮುಟ್ಟಿ ಮುಟ್ಟಿ ಹೊಗಳಿದ್ದು ಆ ಮೀನಖಂಡವನ್ನೇ.

ಲಂಡನ್ನಿನ ಎಡ್ವರ್ಡ್ ಮೆರಿಯನ್ ಎಂಬ ವೈದ್ಯ 1852ರಲ್ಲೇ ಬರೆದಿದ್ದರು: ಈ ಮಕ್ಕಳ ಸ್ನಾಯುತಂತುವಿನ ಹೊರಪೊರೆ ಒಡೆದು ನಾಶವಾಗಿದೆ, ಇದು ತಾಯಂದಿರ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ ಅಂತ. ಫ್ರಾನ್ಸಿನ ಡುಷೆನ್ ವಿವರವಾಗಿ ಬರೆದದ್ದು 1860ರ ದಶಕದಲ್ಲಿ. ಹೆಸರು ಉಳಿದದ್ದು ಡುಷೆನ್‌ದು. ಯಾವ ಪ್ರೋಟೀನ್ ಇಲ್ಲ ಅಂತ ಗೊತ್ತಾಗಲು 1987 ಬರಬೇಕಾಯಿತು. ಬಾಸ್ಟನ್‌ನ ಲೂಯಿ ಕಂಕೆಲ್ ಅವರ ತಂಡ ಮೊದಲು ಜೀನ್ ಹುಡುಕಿ, ಅದರಿಂದ ಪ್ರೋಟೀನನ್ನು ಪತ್ತೆ ಮಾಡಿತು.

ಆ ಜೀನ್ ಮನುಷ್ಯರಲ್ಲಿ ಗೊತ್ತಿರುವ ಜೀನ್‌ಗಳಲ್ಲೇ ಅತಿ ದೊಡ್ಡವುಗಳಲ್ಲಿ ಒಂದು. ಸುಮಾರು 22 ಲಕ್ಷ ಅಕ್ಷರ. ಅದರಲ್ಲಿ ಪ್ರೋಟೀನಿಗೆ ಬೇಕಾದದ್ದು 11 ಸಾವಿರ ಚಿಲ್ಲರೆ ಅಕ್ಷರ ಮಾತ್ರ, ಅದೂ 79 ತುಂಡುಗಳಲ್ಲಿ ಹಂಚಿಹೋಗಿದೆ. ಒಂದು ಸಲ ಪೂರ್ತಿ ನಕಲು ಮಾಡಲು ಜೀವಕೋಶಕ್ಕೆ ಸುಮಾರು 16 ಗಂಟೆ ಬೇಕು. ನಮ್ಮ ಬಿಲ್ಡ್ ಎರಡು ಗಂಟೆ ತಗೊಂಡರೆ ನಾವು ಕೂಗಾಡ್ತೀವಿ!

ನಮ್ಮ ಹುಡುಗನ ರಿಪೋರ್ಟಿನಲ್ಲಿ 45ರಿಂದ 50ರವರೆಗಿನ ತುಂಡುಗಳು ಇರಲಿಲ್ಲ. 79ರಲ್ಲಿ ಆರು. ಅಕ್ಕ ಕೇಳಿದಳು, "ಆರು ಹೋದರೆ ಉಳಿದ 73 ಇದಾವಲ್ಲೇ, ಅಷ್ಟು ಕೆಲಸ ಮಾಡಲ್ವಾ?" ನಾನು ಅವಳಿಗೆ ಒಂದು ವಾಕ್ಯ ಬರೆದು ತೋರಿಸಿದೆ. ಜೀವಕೋಶ ಅಕ್ಷರಗಳನ್ನು ಮೂರು ಮೂರಾಗಿ ಓದುತ್ತದೆ, ಅದಕ್ಕೆ ಎಲ್ಲ ಪದವೂ ಮೂರಕ್ಷರದ್ದು:

ಅವಳು ನನಗೆ ಹುರಿದ ಕಡಲೆ ಕೊಡಲು ಬಂದಳು.

ಇದರಲ್ಲಿ 'ಹುರಿದ' ಪೂರ್ತಿ ತೆಗೆಯಿರಿ. ಅವಳು ನನಗೆ ಕಡಲೆ ಕೊಡಲು ಬಂದಳು. ರುಚಿ ಕಡಿಮೆಯಾಯಿತು, ಅರ್ಥ ಉಳಿಯಿತು. ಈಗ 'ನನಗೆ'ಯಿಂದ ಒಂದೇ ಒಂದು 'ನ' ತೆಗೆದು, ಮತ್ತೆ ಮೂರು ಮೂರಾಗಿ ಓದಿ:

ಅವಳು ನಗೆಹು ರಿದಕ ಡಲೆಕೊ ಡಲುಬಂ ದಳು.

ಹೋದದ್ದು ಒಂದೇ ಅಕ್ಷರ, ಆದರೆ ಅಲ್ಲಿಂದ ಮುಂದೆ ಎಲ್ಲಾ ಕಸ. ಎಷ್ಟು ಕಳೆದುಹೋಯಿತು ಅನ್ನುವುದಕ್ಕಿಂತ ಮೂರರ ಲೆಕ್ಕ ತಪ್ಪಿತಾ ಇಲ್ಲವಾ ಅನ್ನೋದು ಮುಖ್ಯ. ಲೆಕ್ಕ ತಪ್ಪದಿದ್ದರೆ ಸಾಮಾನ್ಯವಾಗಿ ಬರೋದು ಸೌಮ್ಯವಾದ ಬೆಕರ್ ಬಗೆ. ಜೀನಿನ ಮುಖ್ಯ ಭಾಗದಲ್ಲಿ ಶೇಕಡಾ 46ರಷ್ಟು ಇಲ್ಲದೆಯೂ 61ನೇ ವಯಸ್ಸಿನಲ್ಲಿ ನಡೆಯುತ್ತಿದ್ದ ಒಬ್ಬರ ಬಗ್ಗೆ 1990ರಲ್ಲಿ ವರದಿಯಾಗಿದೆ. ನಡುವಿನ ದಾರ ಗಿಡ್ಡವಾಗಿತ್ತು, ಎರಡೂ ತುದಿಯ ಗಂಟು ಭದ್ರವಾಗಿತ್ತು. ನಮ್ಮ ಹುಡುಗನಿಗೆ ಹೋದದ್ದು ಆರೇ ತುಂಡು, ಲೆಕ್ಕ ತಪ್ಪಿತ್ತು. ಅಕ್ಕ ಆ ಹಾಳೆಯನ್ನು ಮಡಚಿ ಫೈಲಿನಲ್ಲಿ ಇಟ್ಟುಕೊಂಡಳು.

ಚಿಕಿತ್ಸೆಯ ದಾರಿಗಳೂ ಈ ಲೆಕ್ಕದಿಂದಲೇ ಹುಟ್ಟಿವೆ. ನಮ್ಮ ಹುಡುಗನಂಥವರಿಗೆ 51ನೇ ತುಂಡನ್ನೂ ಬೇಕಂತಲೇ ಹಾರಿಸಿದರೆ ಲೆಕ್ಕ ಮತ್ತೆ ಸರಿಹೋಗುತ್ತದೆ. ಅಂಥ ಔಷಧಿಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಅದರಿಂದ ಹುಟ್ಟುವ ಡಿಸ್ಟ್ರೋಫಿನ್ ಬಹಳ ಕಡಿಮೆ ಅನ್ನುವ ತಕರಾರು ಆಗಲೂ ಇತ್ತು. ಇನ್ನೊಂದು, ದಾರವನ್ನೇ ಗಿಡ್ಡ ಮಾಡಿ ವೈರಸ್ ಮೂಲಕ ಕೋಶಕ್ಕೆ ತಲುಪಿಸುವ ಜೀನ್ ಚಿಕಿತ್ಸೆ. ಆ ವೈರಸ್‌ನಲ್ಲಿ ಹಿಡಿಸೋದು ಐದು ಸಾವಿರ ಅಕ್ಷರಕ್ಕಿಂತ ಕಡಿಮೆ, ಅದಕ್ಕೇ ಗಿಡ್ಡ ದಾರ. 2023ರಲ್ಲಿ ಅದಕ್ಕೂ ಅಲ್ಲಿ ಒಪ್ಪಿಗೆ ಬಂತು, 2025ರಲ್ಲಿ ನಡಿಗೆ ನಿಂತಿದ್ದ ಇಬ್ಬರು ಹುಡುಗರು ಲಿವರ್ ಸೋತು ತೀರಿಕೊಂಡ ಮೇಲೆ ನಿರ್ಬಂಧಗಳೂ ಬಂದವು. ಬೆಲೆಯ ಮಾತು ಬೇಡ. ನಮ್ಮ ಹುಡುಗನಿಗೆ ಈಗ ಇರೋದು ಸ್ಟೀರಾಯ್ಡ್, ಫಿಸಿಯೋಥೆರಪಿ, ಕಾಲಕಾಲಕ್ಕೆ ಹೃದಯದ ಪರೀಕ್ಷೆ. ಹೃದಯವೂ ಸ್ನಾಯುವೇ. ನಿಮ್ಹಾನ್ಸ್‌ನಂಥ ಕಡೆ ನರ ಮತ್ತು ಸ್ನಾಯು ಕಾಯಿಲೆಗಳ ತಜ್ಞರಿದ್ದಾರೆ. ಸಂಶಯವಿದ್ದವರು ಊರೂರು ಅಲೆಯುವ ಬದಲು ಮೊದಲೇ ಅಂಥಲ್ಲಿಗೆ ಹೋಗಿ.

ನನ್ನದೇ ಮಾತು ಇನ್ನೊಂದು ಉಳಿದಿದೆ. ಈ ಜೀನ್ ಇರೋದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್, ಒಂದು ಕೆಟ್ಟರೂ ಇನ್ನೊಂದು ನಡೆಸಿಕೊಂಡು ಹೋಗುತ್ತೆ. ಗಂಡಿಗೆ ಇರೋದೇ ಒಂದು. ಸುಮಾರು ಮೂರರಲ್ಲೊಂದು ಮಗುವಿನಲ್ಲಿ ಈ ತಪ್ಪು ಹೊಸದಾಗಿ ಹುಟ್ಟುತ್ತದೆ, ತಾಯಿಯಿಂದ ಬಂದಿರುವುದಿಲ್ಲ. ಅಕ್ಕನ ಪರೀಕ್ಷೆ ಮಾಡಿಸಿದಾಗ ಅವಳಲ್ಲಿ ಇತ್ತು. ಆಮೇಲೆ ಅಮ್ಮನದು. ಅಮ್ಮನಲ್ಲೂ ಇತ್ತು.

ಅವತ್ತು ರಾತ್ರಿ ಅಮ್ಮ ಟ್ರಂಕಿನಿಂದ ಒಂದು ಫೋಟೋ ತೆಗೆದಳು. ಅವಳ ಅಣ್ಣ. ಹತ್ತನೇ ವಯಸ್ಸಿಗೆ ನಡಿಗೆ ನಿಂತು, ಹದಿನಾರಕ್ಕೆ ತೀರಿಕೊಂಡ ಮಾಮ. "ಪೋಲಿಯೊ ಆಗಿತ್ತು" ಅಂತಲೇ ನಾವು ಕೇಳಿಕೊಂಡು ಬೆಳೆದದ್ದು. ಪೋಲಿಯೊ ಆದ ಕಾಲು ಸಣಕಲಾಗುತ್ತೆ. ಫೋಟೋದಲ್ಲಿ ಚಡ್ಡಿ ಹಾಕಿಕೊಂಡು ಅಂಗಳದಲ್ಲಿ ನಿಂತ ಹುಡುಗನ ಎರಡೂ ಮೀನಖಂಡ ದಪ್ಪ, ಬೆನ್ನು ಹಿಂದಕ್ಕೆ ಬಾಗಿದೆ. ಅಮ್ಮ ಏನೂ ಮಾತಾಡಲಿಲ್ಲ. ಫೋಟೋವನ್ನು ಸೆರಗಿನಲ್ಲಿ ಒರೆಸಿ ಮತ್ತೆ ಟ್ರಂಕಿಗೆ ಹಾಕಿದಳು.

ಹಾಗಾಗಿ ನನ್ನ ಲೆಕ್ಕ ಐವತ್ತಕ್ಕೆ ಐವತ್ತು. ನನಗೆ ಮದುವೆ ನಿಶ್ಚಯವಾಗಿದೆ. "ಈಗಲೇ ಯಾಕೆ ಪರೀಕ್ಷೆ, ಗಂಡಿನ ಕಡೆಯವರಿಗೆ ಹೇಳೋಕೆ ಹೋಗಬೇಡ" ಅಂತ ಚಿಕ್ಕಮ್ಮ ಫೋನ್ ಮಾಡಿದರು. ಹೇಳಿಯಾಗಿದೆ. ಅವನಿಗೂ ಇದೇ ಕಡಲೆಯ ವಾಕ್ಯ ಕಳಿಸಿದೆ. ಒಂದು ಗಂಟೆ ಬಿಟ್ಟು, "ಹೃದಯದ ಪರೀಕ್ಷೆ ನಿನಗೂ ಬೇಕಂತಲ್ಲ, ಮೊದಲು ಅದು ಮಾಡಿಸು" ಅಂತ ಮೆಸೇಜ್ ಬಂತು. ಅದೂ ನಿಜ. ಒಂದು ಪ್ರತಿ ಕೆಟ್ಟ ಹೆಂಗಸರಲ್ಲಿ ಕೆಲವರಿಗೆ ಹೃದಯದ ಸ್ನಾಯು ದುರ್ಬಲವಾಗಬಹುದು, ಅಮ್ಮನಿಗೂ ಅಕ್ಕನಿಗೂ ಈಗ ಇಕೋ ಮಾಡಿಸುತ್ತಿದ್ದೇವೆ. ನನ್ನ ರಕ್ತ ಕಳೆದ ಶನಿವಾರ ಕೊಟ್ಟು ಬಂದೆ. ರಿಪೋರ್ಟಿಗೆ ಇನ್ನೂ ಮೂರು ವಾರ.

ಶನಿವಾರವೇ ರಾತ್ರಿ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿದ್ದೆ. ಮನೆಗೆ 38 ಮೆಟ್ಟಿಲು. ಹತ್ತುವಾಗ ಹುಡುಗ ಒಂದೊಂದನ್ನೂ ಜೋರಾಗಿ ಎಣಿಸುತ್ತಾನೆ, 19ಕ್ಕೆ ಬಂದಾಗ ಕೂತು ಸುಧಾರಿಸಿಕೊಳ್ಳುತ್ತಾನೆ. ಇಳಿಯುವಾಗ ನನ್ನ ಹೆಗಲ ಮೇಲೆ ಗಲ್ಲ ಇಟ್ಟುಕೊಂಡು 38ರಿಂದ ಹಿಂದಕ್ಕೆ ಎಣಿಸುತ್ತಾನೆ. 12ನ್ನು ಪ್ರತಿ ಸಲ ಮರೆಯುತ್ತಾನೆ, ಅದಕ್ಕೇ ನಾವು ಕೆಳಗೆ ಮುಟ್ಟುವಷ್ಟರಲ್ಲಿ ಅವನ ಲೆಕ್ಕದಲ್ಲಿ ಯಾವಾಗಲೂ ಒಂದು ಮೆಟ್ಟಿಲು ಕಡಿಮೆ ಬೀಳುತ್ತದೆ.